ರವೀಂದ್ರರ ಕಲೆಗೆ ಪ್ರವಾಸವು ಕೊಟ್ಟುದೇನು?

ಕಾರವಾರದ ಕಡಲತಡಿಗೆ ರವೀಂದ್ರನಾಥ ಠಾಕೂರರ ಹೆಸರನ್ನಿಟ್ಟಿದ್ದಾರೆ. ಪರಸ್ಥಳದಿಂದ ಬಂದ ನೆಂಟರಿಷ್ಟರನ್ನು ಸಂಜೆಯ ಹೊತ್ತು ಅಲ್ಲಿಗೆ ಕರೆದೊಯ್ದು, "ಮಹಾಕವಿಗಳು ಇಲ್ಲಿ ವಾಸವಾಗಿದ್ದರು, ಈ ಸಮುದ್ರವನ್ನು ನೋಡಿಯೇ ಅವರಿಗೆ ಸ್ಫೂರ್ತಿ ಬಂದುದು" ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಆ ಮಾತಿನಲ್ಲಿ ಅಭಿಮಾನವುಂಟು, ಅಭಿಮಾನವು ತಪ್ಪಲ್ಲ. ಆದರೆ ಬಂದ ಸ್ಫೂರ್ತಿ ಎಂತಹುದು, ಅದು ಯಾವ ಕೃತಿಯಾಗಿ ಪರಿಣಮಿಸಿತು, ಆ ಕೃತಿಯಲ್ಲಿ ನಮ್ಮ ಸಮುದ್ರವೆಲ್ಲಿದೆ ಎಂದು ನೆಂಟರು ಮರುಪ್ರಶ್ನೆ ಹಾಕಿದರೆ, ಹೇಳಿದವರು ಕಡಲೆಕಾಯಿ ಮಾರುವವನ ಕಡೆಗೆ ತಿರುಗಿ ಮಾತು ಮರೆಸಬೇಕಾಗುತ್ತದೆ. ಈ ಸಣ್ಣ ಪೇಚಿನ ಹಿಂದೆ ವಿಮರ್ಶೆಯ ಒಂದು ದೊಡ್ಡ ಪ್ರಶ್ನೆಯಿದೆ. ಕಲಾವಿದನು ಊರೂರು ತಿರುಗಿದುದರಿಂದ ಅವನ ಕಲೆಗೆ ನಿಜವಾಗಿ ದೊರೆಯುವುದೇನು?

ರವೀಂದ್ರರ ವಿಷಯದಲ್ಲಿ ಇದನ್ನು ವಿಚಾರಿಸುವುದಕ್ಕೆ ವಿಶೇಷ ಕಾರಣವಿದೆ. ಅವರು ಕವಿಗಳು, ಎರಡು ಸಾವಿರಕ್ಕೂ ಮಿಕ್ಕ ಗೀತಗಳನ್ನು ಕಟ್ಟಿ ಸ್ವರ ಹಾಕಿದವರು. ಕಥೆ ಕಾದಂಬರಿಗಳನ್ನು ಬರೆದವರು. ನಾಟಕ ರಚಿಸಿ ತಾವೇ ರಂಗವೇರಿದವರು. ನೃತ್ಯವನ್ನು ಗೃಹಸ್ಥರ ಮಕ್ಕಳ ವಿದ್ಯೆಯನ್ನಾಗಿ ಮಾಡಿದವರು. ಅರುವತ್ತು ದಾಟಿದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದವರು. ಇಷ್ಟು ಕಲೆಗಳಲ್ಲಿ ಕೈಯಾಡಿಸಿದವರು ಯಾವುದರಲ್ಲಿಯೂ ಪೂರ್ಣರಲ್ಲವೆಂದು ಆಕ್ಷೇಪಿಸುವವರುಂಟು. ಇಷ್ಟು ದೇಶ ಸುತ್ತಿದವರಿಗೆ ವಿಷಯಕ್ಕೇನು ಕೊರತೆ ಎಂದು ಸುಲಭವಾಗಿ ಹೊಗಳಿಬಿಡುವವರೂ ಉಂಟು. ಎರಡು ಮಾತೂ ಸರಿಯಲ್ಲವೆಂದು ನನಗೆ ತೋರುತ್ತದೆ. ಪ್ರವಾಸವು ರವೀಂದ್ರರಿಗೆ ವಸ್ತುವನ್ನು ಕೊಟ್ಟುದು ಕಡಮೆ. ಕರಣವನ್ನು ಕೊಟ್ಟುದು ಹೆಚ್ಚು. ಅವರು ಹೇಳಬೇಕೆಂದಿದ್ದುದು ಮನೆಯಲ್ಲಿಯೇ ಹುಟ್ಟಿದುದು. ಅದನ್ನು ಹೇಳುವ ಹೊಸ ಉಪಾಯವು ಮಾತ್ರ ಮತ್ತೆ ಮತ್ತೆ ದಾರಿಯಲ್ಲಿ ದೊರಕಿತು. ಈ ಅಭಿಪ್ರಾಯಕ್ಕೆ ಆಧಾರಗಳನ್ನು ಅವರ ಜೀವನದಿಂದಲೇ ಎತ್ತಿ ವಾಚಕರ ಮುಂದಿಡುತ್ತೇನೆ.

1861ರ ಮೇ 7ರಂದು ಕಲಕತ್ತೆಯ ಜೊಡಾಸಾಂಕೊ ಮನೆಯಲ್ಲಿ ಹುಟ್ಟಿದ ಈ ಬಾಲಕನು ಸೇವಕರ ಕಾವಲಿನಲ್ಲಿ, ಕಿಟಕಿಯ ಒಳಗಿನಿಂದ ಹೊರಗನ್ನು ನೋಡುತ್ತ ಬೆಳೆದನು. 1873ರಲ್ಲಿ ಉಪನಯನವಾದ ಬಳಿಕ ತಂದೆ ದೇವೇಂದ್ರನಾಥರು ಅವನನ್ನು ಬೋಲಪುರಕ್ಕೂ ಅಮೃತಸರಕ್ಕೂ ಅಲ್ಲಿಂದ ಡಾಲ್‌ಹೌಸಿಯ ಬೆಟ್ಟಗಳಿಗೂ ಕರೆದೊಯ್ದರು. ಬಯಲೆಂಬುದನ್ನು ಅವನು ಕಣ್ಣಾರೆ ಕಂಡುದು ಆಗಲೇ. ಐದು ವರ್ಷ ಕಳೆದು, 1878ರಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ಕೆಲವು ತಿಂಗಳು ಕಳೆದರು. ಕೆಳಗೆ ಸಾಬರಮತಿ, ಮೇಲೆ ವಿಶಾಲವಾದ ಮಾಳಿಗೆ. ಬೆಳುದಿಂಗಳಿನಲ್ಲಿ ಆ ಮಾಳಿಗೆಯ ಮೇಲೆ ಒಬ್ಬರೇ ಅಡ್ಡಾಡುತ್ತಿದ್ದಾಗ ತಮ್ಮ ಪದಗಳಿಗೆ ತಾವೇ ಸ್ವರ ಹಾಕಿದುದು ಮೊದಲಾಯಿತೆಂದು ಅವರೇ 'ಜೀವನಸ್ಮೃತಿ'ಯಲ್ಲಿ ಹೇಳಿಕೊಂಡಿದ್ದಾರೆ. ಇಲ್ಲಿ ಒಂದು ಅಂಶವನ್ನು ಲಕ್ಷಿಸಬೇಕು. ಆ ಹಳೆಯ ಅರಮನೆಯು ವಸ್ತುವಾಗಿ ಅವರ ಬರವಣಿಗೆಗೆ ಬಂದುದು ಹದಿನೇಳು ವರ್ಷಗಳ ತರುವಾಯ, 1895ರ 'ಕ್ಷುಧಿತ ಪಾಷಾಣ' ಎಂಬ ಕಥೆಯಲ್ಲಿ. ಸ್ವರರಚನೆಯ ಶಕ್ತಿಯಾದರೋ ಅಲ್ಲಿದ್ದಾಗಲೇ ಕೈಗೆ ಬಂದಿತು. ನೋಟವು ಹಣ್ಣಾಗುವುದಕ್ಕೆ ಕಾಲ ಬೇಕು. ಕರಣವು ಕೂಡಲೇ ಕೆಲಸಕ್ಕೆ ತೊಡಗುತ್ತದೆ.

ಅದೇ ವರ್ಷ ಅವರು ಇಂಗ್ಲೆಂಡಿಗೆ ಹೋದರು. ನ್ಯಾಯಶಾಸ್ತ್ರವನ್ನು ಓದಿ ಬರುವುದೆಂದು ಮನೆಯವರ ಸಂಕಲ್ಪ. 1880ರಲ್ಲಿ ಯಾವ ಪದವಿಯೂ ಇಲ್ಲದೆ ಹಿಂದಿರುಗಿದರು. ಬರಿಗೈಯಲ್ಲಿ ಬಂದರೆಂದು ಲೋಕವು ಎಣಿಸಿರಬೇಕು. ಆದರೆ ಆ ದೇಶದ ಹಾಡುಗಾರಿಕೆ ಅವರ ಕಿವಿಯಲ್ಲಿತ್ತು. ಮರುವರ್ಷ, 1881ರಲ್ಲಿ, 'ವಾಲ್ಮೀಕಿಪ್ರತಿಭಾ' ಎಂಬ ಗೀತನಾಟಕವನ್ನು ಬರೆದು ತಾವೇ ವಾಲ್ಮೀಕಿಯ ವೇಷ ಕಟ್ಟಿದರು. ನಮ್ಮ ರಾಗಗಳ ನಡುವೆ ವಿಲಾಯತಿಯ ಮಟ್ಟುಗಳನ್ನೂ ಅದರಲ್ಲಿ ಸೇರಿಸಿದರು. ಸಂಭಾಷಣೆಯನ್ನೆಲ್ಲ ಹಾಡಿನಲ್ಲಿಯೇ ನಡೆಸಬಹುದೆಂಬುದು ಅವರಿಗೆ ಆಗ ಸಿದ್ಧಿಸಿದ ಹೊಸ ಉಪಾಯ. ಕಥೆ ಯಾವುದು? ಬೇಡನು ಕವಿಯಾದ ನಮ್ಮ ಹಳೆಯ ಕಥೆಯೇ.

ಈಗ ಕಾರವಾರಕ್ಕೆ ಬರೋಣ. 1883ರಲ್ಲಿ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ತಮ್ಮನಿಗೆ ಇಪ್ಪತ್ತೆರಡು ವಯಸ್ಸು. ಮದುವೆಗೆ ಇನ್ನೂ ಕೆಲವು ತಿಂಗಳಿದ್ದುವು. ಅರ್ಧಚಂದ್ರಾಕಾರದ ಮರಳ ತೀರ, ಗಾಳಿಮರಗಳ ತೋಪು, ಕಾಳೀನದಿಯ ಮುಖ, ಇವೆಲ್ಲವನ್ನೂ 'ಜೀವನಸ್ಮೃತಿ'ಯಲ್ಲಿ ಅವರು ಪ್ರೀತಿಯಿಂದ ನೆನೆದಿದ್ದಾರೆ. ಒಂದು ಬೆಳುದಿಂಗಳ ರಾತ್ರಿ ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿ, ದಾರಿಯಲ್ಲಿ ಶಿವಾಜಿಯ ಕಾಲದ ಬೆಟ್ಟದ ಕೋಟೆಯನ್ನು ನೋಡಿ, ಒಬ್ಬ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು ತಂದಿದ್ದ ಬುತ್ತಿಯನ್ನುಂಡರಂತೆ. ಹಿಂದಿರುಗುವಾಗ ನದೀಮುಖದಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರಂತೆ. ಆಗ ನಡುರಾತ್ರಿ ಮೀರಿತ್ತು. ಸದಾ ಮರ್ಮರಿಸುವ ಗಾಳಿಮರಗಳೂ ಮೌನವಾಗಿದ್ದುವು. ಅವರಿಗೆ ನಿದ್ರೆ ಬರಲಿಲ್ಲ; ಕುಳಿತು ಒಂದು ಕವಿತೆ ಬರೆದರು. ಆ ಕವಿತೆಯು ಅವರ ಉತ್ತಮ ಕೃತಿಗಳ ಸಾಲಿಗೆ ಸೇರಿದುದಲ್ಲ. ಭಾವವು ಉಕ್ಕುತ್ತಿರುವಾಗಲೇ ಬರೆದುದು ಒಳ್ಳೆಯ ಕಾವ್ಯವಾಗುವುದು ಅಪೂರ್ವವೆಂಬ ತತ್ತ್ವವನ್ನು ಅದೇ ಪ್ರಸಂಗದಲ್ಲಿ ಅವರು ವಿವರಿಸುತ್ತಾರೆ. ನಾವು ಅತಿಥಿಗಳಿಗೆ ಹೇಳುವ "ಸಮುದ್ರವನ್ನು ನೋಡಿ ಸ್ಫೂರ್ತಿ" ಎಂಬ ಮಾತಿಗೆ ಕವಿಯೇ ಕೊಟ್ಟ ಉತ್ತರವಿದು.

ಕಾರವಾರದಲ್ಲಿ ನಿಜವಾಗಿ ಹುಟ್ಟಿದ ಕೃತಿ 'ಪ್ರಕೃತಿರ್ ಪ್ರತಿಶೋಧ್', ಅಂದರೆ ಪ್ರಕೃತಿಯು ತೀರಿಸಿಕೊಂಡ ಸೇಡು, ಅಚ್ಚಾದುದು 1884ರಲ್ಲಿ. ಇದು ಕಡಲಿನ ವರ್ಣನೆಗಾಗಿ ಬರೆದ ನಾಟಕವಲ್ಲ. ಸಕಲ ಬಂಧನಗಳನ್ನೂ ಕಡಿದುಕೊಂಡೆನೆಂದು ಗುಹೆಯಿಂದ ಹೊರಬರುವ ಸನ್ಯಾಸಿಯೊಬ್ಬನು ಇದರ ನಾಯಕ. ರಘುವೆಂಬವನ ಅನಾಥ ಮಗಳು, ಊರವರು ಮುಟ್ಟದ ಹುಡುಗಿ, ಅವನ ಬಳಿಗೆ ಬರುತ್ತಾಳೆ. ತನಗೆ ಶುದ್ಧಾಶುದ್ಧಗಳ ಭೇದವಿಲ್ಲವೆಂದು ಅವನು ಅವಳನ್ನು ಸೇರಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಮಮತೆಯು ಮೆಲ್ಲಮೆಲ್ಲನೆ ಒಳಹೊಗುತ್ತದೆ. ಅದಕ್ಕೆ ಹೆದರಿ ಅವಳನ್ನು ತೊರೆದು ಓಡುತ್ತಾನೆ. ಕೊನೆಗೆ ದಂಡಕಮಂಡಲುಗಳನ್ನು ಬಿಸುಟು ಅವಳನ್ನು ಅರಸಿ ಮರಳಿದಾಗ ಅವಳು ಸತ್ತುಹೋಗಿದ್ದಾಳೆ. ರಚನೆಯಲ್ಲಿ ಎಳೆತನವಿದೆ. ಸನ್ಯಾಸಿಯ ಸ್ವಗತಗಳು ದೀರ್ಘ. ಕೊನೆಯ ಸಾವು ತತ್ತ್ವದ ಅನುಕೂಲಕ್ಕಾಗಿ ಬಂದಂತೆ ಕಾಣುತ್ತದೆ. ಆದರೆ ಒಂದು ಹೊಸತನವನ್ನು ಒಪ್ಪಲೇಬೇಕು. ಸನ್ಯಾಸಿಯ ಗಂಭೀರವಾದ ಪದ್ಯದ ನಡುನಡುವೆ ದಾರಿಹೋಕರು, ಹಳ್ಳಿಗರು, ಹೆಂಗಸರು ತಮ್ಮ ಪಾಡಿಗೆ ಹರಟುತ್ತ ಹಾದುಹೋಗುತ್ತಾರೆ. ತನ್ನೊಳಗೇ ಮುಳುಗಿದ ಒಬ್ಬನನ್ನೂ ಯಾವ ತತ್ತ್ವದ ಗೊಡವೆಯೂ ಇಲ್ಲದ ಜನಪ್ರವಾಹವನ್ನೂ ಒಂದೇ ದಾರಿಯಲ್ಲಿ ನಿಲ್ಲಿಸುವ ಈ ತಂತ್ರವು ಅವರ ಮುಂದಿನ ನಾಟಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸೀಮೆಯೊಳಗೇ ಅಸೀಮವನ್ನು ಕಾಣುವ ಆನಂದವು ತಮ್ಮ ಸಮಸ್ತ ರಚನೆಗಳ ವಿಷಯವೆಂದೂ, ಈ ನಾಟಕವು ಅದಕ್ಕೆ ಪೀಠಿಕೆಯಂತಿದೆಯೆಂದೂ ಕವಿಗಳೇ ಬರೆದಿದ್ದಾರೆ. ಕಾರವಾರದಿಂದ ಹಡಗಿನಲ್ಲಿ ಮರಳುವಾಗ ಈ ನಾಟಕದ ಕೆಲವು ಹಾಡುಗಳನ್ನು ಅಲ್ಲಿಯೇ ಕಟ್ಟಿದರು. ಕನ್ನಡ ಹಾಡುಗಳ ಮಟ್ಟಿನ ಮೇಲೆ ಕಟ್ಟಿದ ಕೆಲವು ಗೀತಗಳೂ ಅವರ ಸಂಗ್ರಹದಲ್ಲಿ ಉಂಟೆಂಬುದನ್ನು ಕನ್ನಡಿಗರು ಮರೆಯಬಾರದು. ಅಲ್ಲಿಯೂ ನಾವು ಕೊಟ್ಟುದು ಮಟ್ಟು, ಮಾತು ಅವರದು.

ಹತ್ತಿರ ಹತ್ತಿರ 1890ರಿಂದ ತಂದೆಯ ಜಮೀನಿನ ಆಡಳಿತಕ್ಕಾಗಿ ಪೂರ್ವಬಂಗಾಳದ ಶಿಲಾಯಿದಹ, ಶಾಹಜಾದಪುರಗಳಲ್ಲಿ ಅವರು ಬಹುಕಾಲ ಕಳೆದರು. 'ಪದ್ಮಾ' ಎಂಬ ದೋಣಿಮನೆಯಲ್ಲಿ ವಾಸ, ಪದ್ಮಾನದಿಯ ಮೇಲೆ ಸಂಚಾರ. ಈ ಕಾಲದ ಫಲವೇ ಅವರ ಸಣ್ಣ ಕಥೆಗಳು. ಇಲ್ಲಿ ವಸ್ತುವೂ ಹೊರಗಿನಿಂದಲೇ ಬಂದಿತಲ್ಲವೆ ಎಂದು ವಾಚಕರು ಕೇಳಬಹುದು. ಬಂದಿತು, ನಿಜ, ಶಾಹಜಾದಪುರದ ಅಂಚೆಯವನನ್ನು ನೋಡಿಯೇ 1891ರ 'ಪೋಸ್ಟ್ ಮಾಸ್ಟರ್' ಕಥೆ ಹುಟ್ಟಿತು. ಆದರೆ ಜಮೀನುದಾರರ ಮಗನಾಗಿ ಅಲ್ಲಿಗೆ ಹೋದವರು ಇನ್ನೂ ಎಷ್ಟೋ ಮಂದಿ. ಅವರಾರಿಗೂ ಕಥೆ ಕಾಣಲಿಲ್ಲ. ದೋಣಿಯು ರವೀಂದ್ರರಿಗೆ ಒಂದು ದೂರವನ್ನು ಕಲಿಸಿತು. ದಡದ ಬಾಳನ್ನು ಅದು ಕಣ್ಣಿನಳತೆಯಲ್ಲಿ ತೋರಿಸಿತು, ಅದರಲ್ಲಿ ಬೆರೆಯಗೊಡಲಿಲ್ಲ. ಒಂದು ತಿರುವಿನಲ್ಲಿ ಕಂಡ ಮುಖವು ಮುಂದಿನ ತಿರುವಿನಲ್ಲಿ ಮರೆಯಾಗುವುದು. ಅವರ ಸಣ್ಣ ಕಥೆಯ ಆಕಾರವೇ ಹಾಗಿದೆ.

1912ರ ಪ್ರಸಂಗವು ಎಲ್ಲರಿಗೂ ತಿಳಿದುದು. ಮಾರ್ಚಿಯಲ್ಲಿ ವಿಲಾಯತಿಗೆ ಹೊರಡಬೇಕೆಂದಿದ್ದಾಗ ಕಾಯಿಲೆಯಾಗಿ ಪ್ರಯಾಣ ನಿಂತಿತು. ವಿಶ್ರಾಂತಿಗೆಂದು ಶಿಲಾಯಿದಹಕ್ಕೆ ಹೋಗಿ, ಹೊಸದಾಗಿ ಬರೆಯುವ ಶಕ್ತಿಯಿಲ್ಲದೆ, ತಮ್ಮ ಪದ್ಯಗಳನ್ನೇ ಇಂಗ್ಲಿಷ್ ಗದ್ಯಕ್ಕೆ ಇಳಿಸತೊಡಗಿದರು. ಆ ಕೆಲಸ ಹಡಗಿನಲ್ಲಿಯೂ ಮುಂದುವರಿಯಿತು. ಲಂಡನ್ನಿನ ಸುರಂಗ ರೈಲಿನಲ್ಲಿ ಮಗ ರಥೀಂದ್ರನಾಥರು ಆ ಹಸ್ತಪ್ರತಿಯ ಚೀಲವನ್ನು ಮರೆತುಬಿಟ್ಟು, ಕಳೆದ ಸಾಮಾನುಗಳ ಕಚೇರಿಯಲ್ಲಿ ಅದನ್ನು ಮರಳಿ ಪಡೆದರೆಂದು ಹೇಳುತ್ತಾರೆ. ಚಿತ್ರಕಾರ ರಾಥೆನ್‌ಸ್ಟೈನರ ಕೈಸೇರಿ, 103 ಪದ್ಯಗಳ ಇಂಗ್ಲಿಷ್ 'ಗೀತಾಂಜಲಿ'ಯಾಗಿ ಅದು ಪ್ರಕಟವಾಯಿತು; 1913ರಲ್ಲಿ ನೊಬೆಲ್ ಬಹುಮಾನ ಬಂದಿತು. ಕೀರ್ತಿಯೊಡನೆ ಒಂದು ಕೇಡೂ ಬಂದಿತೆಂದು ವಿಮರ್ಶಕನು ಹೇಳಬೇಕಾಗಿದೆ. ಪಶ್ಚಿಮದವರು ಅವರಲ್ಲಿ ಕಂಡುದು ಪೂರ್ವದೇಶದ ಒಬ್ಬ ಗಡ್ಡದ ಋಷಿಯನ್ನು. ಹಾಸ್ಯಗಾರನಾದ, ಕೋಪಿಷ್ಠನಾದ, ಕಥೆಗಾರನಾದ ರವೀಂದ್ರರು ಅವರಿಗೆ ಕಾಣಲೇ ಇಲ್ಲ. ಆಮೇಲಿನ ಇಂಗ್ಲಿಷ್ ಅನುವಾದಗಳನ್ನು ಕವಿಗಳು ಆ ಮೂರ್ತಿಗೆ ತಕ್ಕಂತೆಯೇ ಸವರಿ, ಮೂಲದ ಮೊನೆಗಳನ್ನು ಮೊಂಡು ಮಾಡಿದರು. 1916ರ ಜಪಾನ್ ಮತ್ತು ಅಮೆರಿಕ ಪ್ರವಾಸದಲ್ಲಿ ರಾಷ್ಟ್ರೀಯತೆಯನ್ನು ಕುರಿತು ಮಾಡಿದ ಭಾಷಣಗಳು ಧೀರವಾದುವು. ಆದರೆ ಭಾಷಣಕಾರನ ವೇಷವು ಕವಿಯನ್ನು ದಣಿಸಿತು. 1921ರಲ್ಲಿ ಸ್ಥಾಪಿತವಾದ ವಿಶ್ವಭಾರತಿಗಾಗಿ ಹಣ ಕೂಡಿಸಬೇಕಾದ ಹೊರೆ ಬೇರೆ. ಪ್ರವಾಸವೆಲ್ಲವೂ ಫಲದಾಯಕವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಕೆಲವು ಪ್ರವಾಸಗಳಿಂದ ಅವರು ದಣಿವನ್ನಲ್ಲದೆ ಬೇರೇನನ್ನೂ ತರಲಿಲ್ಲ.

ಈ ಋಷಿಯ ಮುಖವಾಡವು ಕಳಚಿದುದು ಎಲ್ಲಕ್ಕಿಂತ ದೂರದ ಪ್ರವಾಸದ ನಂತರ. 1924ರಲ್ಲಿ ಪೆರು ದೇಶದ ಆಮಂತ್ರಣದ ಮೇಲೆ ಹೊರಟವರು ಹಡಗಿನಲ್ಲಿ ಕಾಯಿಲೆ ಬಿದ್ದು ಅರ್ಜೆಂಟೈನಾದ ಬ್ಯೂನಸ್ ಐರೀಸಿನಲ್ಲಿ ಇಳಿದರು. ವಿಕ್ಟೋರಿಯಾ ಒಕಾಂಪೋ ಎಂಬ ವಿದುಷಿಯು ಸಾನ್ ಇಸಿದ್ರೋದಲ್ಲಿ ನದಿಯ ಕಡೆಗೆ ಮುಖವಾದ ಒಂದು ಮನೆಯನ್ನು ಏರ್ಪಡಿಸಿ ಉಪಚರಿಸಿದರು. ಅಲ್ಲಿ ಬರೆಯುತ್ತಿದ್ದ ಪದ್ಯಗಳು 1925ರಲ್ಲಿ 'ಪೂರಬೀ' ಎಂದು ಪ್ರಕಟವಾದುವು. ವಿಜಯಾ ಎಂದು ತಾವೇ ಹೆಸರಿಟ್ಟ ಆ ಮಹಿಳೆಗೆ ಅದನ್ನು ಅರ್ಪಿಸಿದರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳು ಕಣ್ಣಿಗೆ ವಿಕಾರವಾಗಿ ಕಾಣಲು, ಕವಿಗಳು ಒಂದು ಗೀಟಿನಿಂದ ಇನ್ನೊಂದಕ್ಕೆ ಗೆರೆಯೆಳೆದು ಅವುಗಳನ್ನು ಜೋಡಿಸುವರು. ಹಾಗೆ ಜೋಡಿಸುತ್ತಿದ್ದಂತೆ ಹಕ್ಕಿಯೋ ಹಾವೋ ಹೆಸರಿಲ್ಲದ ಮೃಗವೋ ಹಾಳೆಯ ಮೇಲೆ ಎದ್ದು ನಿಲ್ಲುವುದು. ಈ ಅಭ್ಯಾಸವು ಹಿಂದೆಯೂ ಅಲ್ಪಸ್ವಲ್ಪವಿತ್ತು. ಅದರ ಬೆಲೆಯನ್ನು ಗುರುತಿಸಿದವರು ಒಕಾಂಪೋ. 1928ರ ಹೊತ್ತಿಗೆ ಅದು ಪದ್ಯದ ಹಂಗನ್ನು ತೊರೆದು ಸ್ವತಂತ್ರವಾದ ಚಿತ್ರವಾಯಿತು. 1930ರ ಮೇ ತಿಂಗಳಲ್ಲಿ ಆಕೆಯ ಪ್ರಯತ್ನದಿಂದಲೇ ಪ್ಯಾರಿಸ್ಸಿನ ಪಿಗಾಲ್ ಚಿತ್ರಶಾಲೆಯಲ್ಲಿ ಪ್ರದರ್ಶನವಾಯಿತು. ಅನಂತರ ಲಂಡನ್, ಬರ್ಲಿನ್, ಮಾಸ್ಕೋ ಮೊದಲಾದ ನಗರಗಳಲ್ಲಿ.

ಆ ಚಿತ್ರಗಳನ್ನು ನೋಡಿದವರು 'ಗೀತಾಂಜಲಿ'ಯ ಪ್ರಶಾಂತಿಯನ್ನು ಅರಸಿದರೆ ನಿರಾಶರಾಗುವರು. ಕಪ್ಪು ಹಿನ್ನೆಲೆಯಿಂದ ಇಣಿಕುವ ಸ್ತ್ರೀಮುಖಗಳು, ಬಾಯ್ದೆರೆದ ಪ್ರಾಣಿಗಳು, ಸಂಜೆಯ ಹಳದಿ ಬೆಳಕಿನ ಮುಂದೆ ಮುದ್ದೆಯಾಗಿ ನಿಂತ ಮರಗಳು. ಕಂಡ ಸಾಮಗ್ರಿಯಿಂದ, ಪೆನ್ನಿನ ಶಾಯಿಯಿಂದ, ಚಿಂದಿಯಿಂದ, ಬೆರಳಿನಿಂದ ಅವಸರದಲ್ಲಿ ಬರೆದವು. ಅವರ ಕಣ್ಣಿಗೆ ಕೆಂಪುಬಣ್ಣವು ಸರಿಯಾಗಿ ಗೋಚರಿಸುತ್ತಿರಲಿಲ್ಲವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅಂಗರಚನೆಯ ಶಿಕ್ಷಣವಿಲ್ಲವೆಂಬುದು ಸ್ಪಷ್ಟ. ಕೆಲವು ಚಿತ್ರಗಳು ಬರಿಯ ಆಟವಾಗಿಯೇ ಉಳಿದಿವೆ. ಆದರೆ ಒಳ್ಳೆಯವುಗಳಲ್ಲಿ ಬಂಗಾಳಿಯ ಅಷ್ಟು ದೊಡ್ಡ ಮಾತುಗಾರನು ಮಾತನ್ನು ಬಿಟ್ಟು ನಿಂತಿದ್ದಾನೆ. ಚಿತ್ರಗಳಿಗೆ ಹೆಸರಿಡಲು ಅವರು ಒಪ್ಪಲಿಲ್ಲ. ತನಗೆ ಅತ್ಯಂತ ಸುಲಭವಾದ ವಿದ್ಯೆಯನ್ನು ಬದಿಗಿಟ್ಟು, ತಿಳಿಯದ ವಿದ್ಯೆಯಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತ ಈ ವೃದ್ಧರನ್ನು ನೆನೆದರೆ, ಹಲವು ಕಲೆಗಳಲ್ಲಿ ಕೈಯಾಡಿಸುವುದು ಚಾಪಲ್ಯವೆಂಬ ಆಕ್ಷೇಪವು ತಾನಾಗಿಯೇ ಬಿದ್ದುಹೋಗುತ್ತದೆ. ಅನುವಾದದಲ್ಲಿ ಕಳೆದುಹೋಗಿದ್ದ ಕವಿಗೆ ಅನುವಾದವೇ ಬೇಡವಾದ ಭಾಷೆಯೊಂದು ದೊರಕಿತು.

ಇನ್ನು ಜಾವಾ ಬಾಲಿಗಳ ಪ್ರವಾಸ. 1927ರಲ್ಲಿ ಸುನೀತಿಕುಮಾರ ಚಟರ್ಜಿಯವರೇ ಮೊದಲಾದವರೊಡನೆ ಅಲ್ಲಿಗೆ ಹೋದಾಗ, ನಮ್ಮ ರಾಮಾಯಣ ಭಾರತಗಳ ಕಥೆಯನ್ನು ಜನರು ಮೈಯಿಂದಲೇ ಹೇಳುವುದನ್ನು ಕಂಡು ಅವರು ಬೆರಗಾದರು. ಶಾಂತಿನಿಕೇತನದಲ್ಲಿ ನೃತ್ಯಶಿಕ್ಷಣವು ಇದಕ್ಕೂ ಹಿಂದೆಯೇ ಮೊದಲಾಗಿತ್ತು. 1926ರ 'ನಟೀರ್ ಪೂಜಾ'ದಲ್ಲಿ ನೃತ್ಯವೇ ಪ್ರಾಣ. ಆದುದರಿಂದ ಎಲ್ಲವೂ ಜಾವಾದಿಂದ ಬಂದಿತೆಂದು ಹೇಳಲಾಗದು. ಆದರೂ ಇಡೀ ಕಥೆಯನ್ನು ಗೀತದ ಜೊತೆಯಲ್ಲಿ ನೃತ್ಯವೇ ಹೊತ್ತು ನಡೆಯಬಲ್ಲುದೆಂಬ ಧೈರ್ಯಕ್ಕೆ ಆ ನೋಟವು ಬಲ ಕೊಟ್ಟಿತೆನ್ನಬಹುದು. ಮುಂದೆ ಬಂದ ಮೂರು ನೃತ್ಯನಾಟಕಗಳನ್ನು ನೋಡಿ: 1936ರ 'ಚಿತ್ರಾಂಗದಾ', 1938ರ 'ಚಂಡಾಲಿಕಾ', 1939ರ 'ಶ್ಯಾಮಾ'. ಮೂರರ ಕಥೆಯೂ ಹೊಸದಲ್ಲ. 'ಚಿತ್ರಾಂಗದಾ' 1892ರಲ್ಲಿಯೇ ಪದ್ಯನಾಟಕವಾಗಿತ್ತು. 'ಚಂಡಾಲಿಕಾ' 1933ರಲ್ಲಿ ಗದ್ಯನಾಟಕವಾಗಿತ್ತು. 'ಶ್ಯಾಮಾ' ತಮ್ಮದೇ ಹಳೆಯ ಕಥನಕವನದಿಂದ ಬಂದುದು. ವಸ್ತುವು ಮನೆಯದು, ಕರಣವು ದಾರಿಯದು ಎಂಬ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಈ ಮೂರರಲ್ಲಿ 'ಚಂಡಾಲಿಕಾ' ನಮ್ಮನ್ನು ಪುನಃ ಕಾರವಾರಕ್ಕೆ ಕರೆತರುತ್ತದೆ. ಬಾಯಾರಿ ಬಂದ ಬೌದ್ಧಭಿಕ್ಷು ಆನಂದನು ಊರವರು ಮುಟ್ಟದ ಹುಡುಗಿಯ ಕೈಯಿಂದ ನೀರು ಬೇಡುತ್ತಾನೆ. ಆ ಒಂದು ಬೇಡಿಕೆಯಿಂದ ಅವಳಿಗೆ ತಾನೂ ಮನುಷ್ಯಳೆಂಬ ಅರಿವು ಹುಟ್ಟುತ್ತದೆ. 1883ರಲ್ಲಿ ಸನ್ಯಾಸಿಯ ಬಳಿಗೆ ಬಂದ ರಘುವಿನ ಮಗಳನ್ನು ನೆನೆಯಿರಿ. ಅದೇ ಸನ್ಯಾಸಿ, ಅದೇ ಹುಡುಗಿ. ಆದರೆ ಎಷ್ಟು ಅಂತರ! ಕಾರವಾರದ ನಾಟಕದಲ್ಲಿ ಹುಡುಗಿಯು ಸನ್ಯಾಸಿಗೆ ಪಾಠವಾಗುವುದಕ್ಕಾಗಿ ಬಂದವಳು, ಪಾಠ ಮುಗಿದೊಡನೆ ಸಾಯುತ್ತಾಳೆ. ಚಂಡಾಲಿಕೆಯಲ್ಲಿ ನಾಟಕವೇ ಅವಳದು. ಆಸೆಯೂ ತಪ್ಪೂ ಪಶ್ಚಾತ್ತಾಪವೂ ಬಿಡುಗಡೆಯೂ ಅವಳವು. ಇಪ್ಪತ್ತೆರಡರ ತರುಣನು ಕೈಬಿಟ್ಟ ಹುಡುಗಿಯನ್ನು ಎಪ್ಪತ್ತು ದಾಟಿದ ಕವಿಯು ಮರಳಿ ಹುಡುಕಿ ಬದುಕಿಸಿದ್ದಾನೆ. ತನ್ನ ಸನ್ಯಾಸಿಗೆ ಸಾಧ್ಯವಾಗದುದು ಅವನಿಗೆ ಸಾಧ್ಯವಾಯಿತು. ಅದಕ್ಕೆ ಮೊದಲ ನಾಟಕದಿಂದ ಐವತ್ತು ವರ್ಷಕ್ಕೆ ಮೀರಿದ ಕಾಲವೂ, ಲೋಕದ ಅಷ್ಟು ಹಾದಿಯೂ ಬೇಕಾಯಿತು.

ಆದುದರಿಂದ ಇನ್ನು ಮುಂದೆ ನೆಂಟರನ್ನು ಕಡಲತಡಿಗೆ ಕರೆದೊಯ್ದಾಗ ನಾವು ಹೇಳಬೇಕಾದುದು ಬೇರೆ. ಸಮುದ್ರವು ಚೆಲುವಾದುದು, ಆದರೆ ಇಲ್ಲಿ ಕವಿಗೆ ಸಿಕ್ಕಿದುದು ಚೆಲುವು ಮಾತ್ರವಲ್ಲ, ಒಂದು ಪ್ರಶ್ನೆ. ಎಲ್ಲರನ್ನೂ ಬಿಟ್ಟವನು ದೊಡ್ಡವನೋ, ಯಾರೂ ಮುಟ್ಟದವಳನ್ನು ಮುಟ್ಟಿದವನು ದೊಡ್ಡವನೋ ಎಂಬ ಆ ಪ್ರಶ್ನೆಯನ್ನು ಅವರು 1941ರ ಆಗಸ್ಟ್ 7ರಂದು ಕಣ್ಣುಮುಚ್ಚುವವರೆಗೂ ಕೈಬಿಡಲಿಲ್ಲ. ಬಂಗಾಳಿ ಬಾರದವರು ಕವಿಗಳೇ ಸಂಗ್ರಹಿಸಿ 1917ರಲ್ಲಿ ಹೊರತಂದ 'ಸನ್ಯಾಸಿ' ಎಂಬ ಇಂಗ್ಲಿಷ್ ರೂಪವನ್ನು ಓದಬಹುದು. ಒಂದು ಸಂಜೆಯೊಳಗೆ ಮುಗಿಯುವಷ್ಟು ಚಿಕ್ಕದು. ಮನೆಮಂದಿಯೆಲ್ಲ ಕುಳಿತು ಅದನ್ನು ಗಟ್ಟಿಯಾಗಿ ಓದಿದರೆ, ರಘುವಿನ ಮಗಳು ಬಾಗಿಲಿಗೆ ಬಂದು ನಿಂತಾಗ ಓದುವವರ ದನಿಯು ಕ್ಷಣಕಾಲ ತಡೆಯುವುದು. ತೀರಕ್ಕೆ ಕವಿಯ ಹೆಸರಿಟ್ಟ ನಾವು ಆ ಹುಡುಗಿಯನ್ನು ಒಳಕ್ಕೆ ಕರೆದೇವೆಯೋ ಇಲ್ಲವೋ ಎಂಬುದು ಆ ಕ್ಷಣದಲ್ಲಿ ನಮಗೇ ತಿಳಿಯುವುದು.